ಅಂಗಡಿ ಬದಲಿಸುವ ಮೊದಲು ಲೆಕ್ಕದ ಪುಸ್ತಕ ತೆರೆಯೋಣ

(ಸದಸ್ಯ ಶಿಕ್ಷಣ ಪಾಠ: ಮನೆಯ ದಿನಸಿ ಮತ್ತು ನಗದು ವ್ಯವಹಾರ)



ಕಳೆದ ಮಹಾಸಭೆಯಲ್ಲಿ ಅಡಿಕೆ ಧಾರಣೆ, ಕೊಳೆರೋಗ, ಮೈಲುತುತ್ತದ ಬೆಲೆ ಇವೆಲ್ಲದರ ಚರ್ಚೆ ಮುಗಿದು ಎಲ್ಲರೂ ಊಟಕ್ಕೆ ಏಳುವ ಹೊತ್ತಿಗೆ ಸದಸ್ಯರೊಬ್ಬರು ಎದ್ದು ಒಂದು ಪ್ರಶ್ನೆ ಕೇಳಿದರು. "ಪಟ್ಟಣದಲ್ಲಿ ರಿಯಾಯಿತಿ ದರದ ಸೂಪರ್ ಮಾರ್ಕೆಟ್ ಬಂದ ಮೇಲೆ ನಮ್ಮಲ್ಲಿ ಅರ್ಧಕ್ಕರ್ಧ ಜನ ದಿನಸಿಗೆ ಅಲ್ಲಿಗೇ ಹೋಗುತ್ತಿದ್ದೇವೆ. ಹೀಗಿರುವಾಗ ಸಂಘದ ದಿನಸಿ ವಿಭಾಗವನ್ನು ಇನ್ನೂ ಏಕೆ ನಡೆಸಬೇಕು?" ಎಂದರು. ಅನ್ನ ತಣ್ಣಗಾಗುತ್ತಿದ್ದ ಕಾರಣ ಉತ್ತರವನ್ನು ಮುಂದಕ್ಕೆ ಹಾಕಲಾಯಿತು. ಮುಂದಿನ ಸಭೆಯಲ್ಲಿ ಈ ವಿಷಯ ನಿರ್ಣಯಕ್ಕೆ ಬರಲಿದೆ. ಕೈ ಎತ್ತುವ ಮೊದಲು ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಲೆಕ್ಕ ನೋಡಿಕೊಂಡು ಬರಬೇಕೆಂಬುದೇ ಈ ಪಾಠದ ಉದ್ದೇಶ.

ಪ್ರಶ್ನೆ ಕೇಳಿದವರು ತಪ್ಪು ಕೇಳಲಿಲ್ಲ. ಹಣ ಉಳಿಯುವ ಕಡೆ ಹೋಗುವುದು ಸಂಸಾರಸ್ಥನ ಧರ್ಮ. ಆದರೆ ಹಣ ನಿಜವಾಗಿ ಉಳಿಯುತ್ತದೆಯೇ, ಉಳಿದರೆ ಯಾವ ಕಾರಣದಿಂದ ಉಳಿಯುತ್ತದೆ ಎಂಬುದನ್ನು ತಿಳಿಯದೆ ಅಂಗಡಿ ಬದಲಿಸಿದರೆ, ರೋಗ ಯಾವುದೆಂದು ನೋಡದೆ ಔಷಧಿ ಹೊಡೆದಂತೆ ಆಗುತ್ತದೆ.

ನಮ್ಮ ಊರಿನ ಒಂದು ಮನೆಯ ಲೆಕ್ಕವನ್ನು ಉದಾಹರಣೆಗೆ ಕೊಟ್ಟರೆ ಅದು ಯಾರ ಮನೆಯೆಂದು ಮರುದಿನವೇ ಎಲ್ಲರಿಗೂ ಗೊತ್ತಾಗುತ್ತದೆ. ಆದುದರಿಂದ ದೂರದ ಒಂದು ಲೆಕ್ಕವನ್ನು ಆರಿಸಿಕೊಂಡಿದ್ದೇನೆ. ನನ್ನ ತಂಗಿಯನ್ನು ಬೆಳಗಾವಿ ಜಿಲ್ಲೆಯ ಹತ್ತರಗಿಗೆ ಕೊಟ್ಟಿದೆ. ಅವಳು ನಮ್ಮ ತಾಯಿಯಂತೆ ಪ್ರತಿದಿನದ ಖರ್ಚನ್ನು ಬರೆದಿಡುವವಳು. ಅವಳ ಒಪ್ಪಿಗೆ ಪಡೆದು ಆ ಪುಸ್ತಕದ ಅಂಕಿಗಳನ್ನು ಇಲ್ಲಿ ಕೊಡುತ್ತಿದ್ದೇನೆ.

1. ಹತ್ತರಗಿಯ ಲೆಕ್ಕ

ಹತ್ತರಗಿ ಹುಕ್ಕೇರಿ ತಾಲೂಕಿನ ಊರು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಬೆಳಗಾವಿಯಿಂದ ಸಂಕೇಶ್ವರದ ಕಡೆ ಹೋಗುವವರು ಅಲ್ಲಿನ ಟೋಲ್ ನಾಕಾ ದಾಟಿಯೇ ಹೋಗಬೇಕು. ಅಲ್ಲಿ ಕಾಫಿಯಿಲ್ಲ, ಅಡಿಕೆಯಿಲ್ಲ. ಕಬ್ಬು, ಸೋಯಾ, ಗೋವಿನಜೋಳದ ಸೀಮೆ. ಆದರೆ ಒಂದು ವಿಷಯದಲ್ಲಿ ಅವರೂ ನಾವೂ ಒಂದೇ. ಬೆಳೆಯ ಹಣ ವರ್ಷಕ್ಕೆ ಒಂದೆರಡು ಸಲ ಬರುತ್ತದೆ. ಒಲೆ ಮಾತ್ರ ದಿನವೂ ಉರಿಯಬೇಕು.

ತಂಗಿಯ ಮನೆಯಲ್ಲಿ ಆರು ಜನ. ಜೋಳ, ಹಾಲು, ಕಾಯಿಪಲ್ಲೆ ಮನೆಯವು. ಉಳಿದ ದಿನಸಿಯನ್ನು ಮೊದಲಿನಿಂದಲೂ ಊರಿನ ಒಂದು ಕಿರಾಣಿ ಅಂಗಡಿಯಿಂದ ಉದ್ರಿ ತರುತ್ತಿದ್ದರು. ಕಬ್ಬಿನ ಬಿಲ್ಲು ಬಂದಾಗ ಬಾಕಿ ಚುಕ್ತಾ. ವರ್ಷದ ದಿನಸಿ ಸುಮಾರು 96,000 ರೂಪಾಯಿ, ಅಂದರೆ ತಿಂಗಳಿಗೆ 8,000.

ಎರಡು ವರ್ಷಗಳ ಹಿಂದೆ ಮಕ್ಕಳ ಒತ್ತಾಯದ ಮೇಲೆ ಕಿರಾಣಿ ಅಂಗಡಿ ಬಿಟ್ಟು ಬೆಳಗಾವಿಯ ರಿಯಾಯಿತಿ ಮಳಿಗೆಗೆ ತಿಂಗಳಿಗೊಮ್ಮೆ ಹೋಗತೊಡಗಿದರು. ರಾಜ್ಯದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿರುವುದರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ತಂಗಿಗೆ ಟಿಕೇಟಿನ ಖರ್ಚಿಲ್ಲ. ಕೊಲ್ಹಾಪುರದ ಕಡೆ ಹೋದರೆ ಗಡಿ ದಾಟಬೇಕಾದ್ದರಿಂದ ಆ ಅನುಕೂಲವಿಲ್ಲ. ಹಾಗಾಗಿ ಬೆಳಗಾವಿಯೇ ಸರಿ ಎಂದಾಯಿತು.

ಇಲ್ಲಿ ತಂಗಿ ಒಂದು ಜಾಣತನ ಮಾಡಿದಳು. ಹಿಂದಿನ ವರ್ಷದ ಬೆಲೆಯನ್ನು ಈ ವರ್ಷದ ಬೆಲೆಯ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಬೆಲೆಗಳು ಎಲ್ಲ ಕಡೆಯೂ ಏರುತ್ತ ಇಳಿಯುತ್ತ ಇರುತ್ತವೆ. ಆದ್ದರಿಂದ ಅವಳು ಪ್ರತಿ ತಿಂಗಳೂ ಅದೇ ವಾರದಲ್ಲಿ ಊರಿನ ಅಂಗಡಿಯ ಉದ್ರಿ ದರವನ್ನೂ ಕೇಳಿ ಪಕ್ಕದಲ್ಲೇ ಬರೆದಳು. ವರ್ಷದ ಕೊನೆಗೆ ಬಂದ ಲೆಕ್ಕ ಇದು:

ಅದೇ ಪಟ್ಟಿಯ ದಿನಸಿ ಊರಿನ ಉದ್ರಿ ದರದಲ್ಲಿ: 96,000 ರೂ.
ಅದೇ ಪಟ್ಟಿಯ ದಿನಸಿ ಬೆಳಗಾವಿಯ ಮಳಿಗೆಯಲ್ಲಿ: 84,500 ರೂ.
ಮೇಲ್ನೋಟದ ಉಳಿತಾಯ: 11,500 ರೂ.

ನೂರಕ್ಕೆ ಹನ್ನೆರಡು ರೂಪಾಯಿ ಉಳಿದಂತಾಯಿತು, ಸಣ್ಣ ಮಾತಲ್ಲ. ಇಲ್ಲಿಗೇ ಪುಸ್ತಕ ಮುಚ್ಚಿದರೆ ನಮ್ಮ ಸದಸ್ಯರ ವಾದವೇ ಗೆದ್ದಂತೆ. ಆದರೆ ಪುಟದ ಕೆಳಗೆ ಇನ್ನೆರಡು ಸಾಲುಗಳಿದ್ದವು:

ಜೊತೆಗೆ ಬಂದವರ ಬಸ್ ಚಾರ್ಜು, ಪೇಟೆಯ ಆಟೋ, ಚಹಾ-ತಿಂಡಿ, 12 ಸಲಕ್ಕೆ: 6,600 ರೂ.
ಪಟ್ಟಿಯಲ್ಲಿ ಇಲ್ಲದೆ ಕೊಂಡ ಸಾಮಾನು, 12 ಸಲಕ್ಕೆ: 14,400 ರೂ.

ಈ ಎರಡನ್ನೂ ಸೇರಿಸಿದರೆ ಒಟ್ಟು ಖರ್ಚು 1,05,500 ರೂಪಾಯಿ. ಅಂದರೆ 11,500 ಉಳಿಸಲು ಹೋಗಿ, ಮೊದಲಿಗಿಂತ 9,500 ರೂಪಾಯಿ ಹೆಚ್ಚು ಖರ್ಚಾಯಿತು. ಪಟ್ಟಿಯಲ್ಲಿ ಇಲ್ಲದ ಸಾಮಾನು ಬೀದಿಗೆ ಹೋಯಿತೆಂದು ಹೇಳುವಂತಿಲ್ಲ. ಬಿಸ್ಕತ್ತು, ಡಬ್ಬಿ, ಚಾದರ, ಮಕ್ಕಳ ಅಂಗಿ ಎಲ್ಲವೂ ಮನೆಗೇ ಬಂದವು. ಆದರೆ ಮನೆಯಿಂದ ಹೊರಡುವಾಗ ಅವುಗಳಲ್ಲಿ ಒಂದೂ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಊರಿನ ಅಂಗಡಿಯಲ್ಲಿ ನಾವು ಕೇಳಿದ್ದನ್ನು ಅಂಗಡಿಯವನು ಕೊಡುತ್ತಾನೆ. ಸೂಪರ್ ಮಾರ್ಕೆಟ್ಟಿನಲ್ಲಿ ಕಣ್ಣು ಕೇಳಿದ್ದನ್ನು ಕೈ ಕೊಡುತ್ತದೆ. ನಡುವೆ ಮಾತಾಡುವ ಮೂರನೆಯವರು ಇಲ್ಲ.

2. ಸೋವಿ ಎಲ್ಲಿಂದ ಬರುತ್ತದೆ?

ಮಳಿಗೆಯವರು ನೂರಕ್ಕೆ ಹನ್ನೆರಡು ಕಡಿಮೆಗೆ ಮಾರಿಯೂ ಲಾಭ ಮಾಡುವುದು ಹೇಗೆ? "ಕಳಪೆ ಮಾಲು" ಎಂದು ನಮ್ಮ ಅಂಗಡಿಯವರು ಹೇಳುವುದುಂಟು. ಅದು ನ್ಯಾಯವಾದ ಮಾತಲ್ಲ. ಅದೇ ಕಂಪನಿಯ ಸೋಪು ಎರಡೂ ಕಡೆ ಒಂದೇ. ಕಾರಣ ಬೇರೆ ಇದೆ.

ಜರ್ಮನಿಯ ಎಸ್ಸೆನ್ ನಗರದ ಅಂಚಿನಲ್ಲಿ 1913ರಲ್ಲಿ ಅಣ್ಣಾ ಆಲ್ಬ್ರೆಕ್ಟ್ ಎಂಬ ಗೃಹಿಣಿ ಸಣ್ಣ ದಿನಸಿ ಅಂಗಡಿ ಇಟ್ಟಳು. ಎರಡನೆಯ ಮಹಾಯುದ್ಧ ಮುಗಿದು ದೇಶ ಹಾಳಾಗಿದ್ದ ಕಾಲದಲ್ಲಿ, 1946ರಲ್ಲಿ, ಅವಳ ಇಬ್ಬರು ಮಕ್ಕಳು ಆ ಅಂಗಡಿಯನ್ನು ವಹಿಸಿಕೊಂಡರು. ಬಂಡವಾಳ ಕಡಿಮೆ ಇದ್ದುದರಿಂದ ಕೆಲವೇ ಬಗೆಯ ಸಾಮಾನು ಇಟ್ಟರು, ಅಲಂಕಾರ ಬಿಟ್ಟರು, ಬೇಗ ಖರ್ಚಾಗುವ ಮಾಲನ್ನೇ ತಂದರು. ಇಂದು ಜಗತ್ತಿನ ಹಲವು ದೇಶಗಳಲ್ಲಿರುವ ಆಲ್ಡಿ ಮಳಿಗೆಗಳ ಮೂಲ ಅದು. ನಮ್ಮ ದೇಶದಲ್ಲಿ ರಾಧಾಕಿಶನ್ ದಮಾನಿಯವರು 2002ರಲ್ಲಿ ಮುಂಬಯಿಯ ಪೊವಾಯಿಯಲ್ಲಿ ಆರಂಭಿಸಿದ ಡಿ-ಮಾರ್ಟ್ ಕೂಡ ಇದೇ ಜಾತಿಯದು. ಬಹುಮಟ್ಟಿಗೆ ಸ್ವಂತ ಕಟ್ಟಡಗಳಾದ್ದರಿಂದ ಬಾಡಿಗೆಯ ಹೊರೆ ಕಡಿಮೆ. ಸರಕು ಕೊಡುವವರಿಗೆ ಹಣ ಬೇಗ ಪಾವತಿಯಾಗುತ್ತದೆ. ಬೇಗ ಹಣ ಕೊಡುವವನಿಗೆ ಅವರು ದರ ಇಳಿಸುತ್ತಾರೆ. ಆ ಇಳಿಕೆಯಲ್ಲಿ ಒಂದು ಭಾಗ ಗಿರಾಕಿಗೆ ಸಿಗುತ್ತದೆ.

ಈ ಎಲ್ಲದರ ತಿರುಳು ಒಂದೇ ಮಾತು: ಅಲ್ಲಿ ಉದ್ರಿ ಇಲ್ಲ. ಗಿರಾಕಿ ನಗದು ಕೊಡುತ್ತಾನೆ. ಅದರಿಂದ ಮಳಿಗೆಯವನು ಬೇಗ ನಗದು ಕೊಡುತ್ತಾನೆ. ಅದರಿಂದ ಬೆಲೆ ಇಳಿಯುತ್ತದೆ.

ನಗದು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ದೇಶದಲ್ಲೇ ನಿದರ್ಶನವಿದೆ. 1997ರಲ್ಲಿ ಚೆನ್ನೈಯಲ್ಲಿ ಆರಂಭವಾದ ಸುಭಿಕ್ಷಾ ಎಂಬ ರಿಯಾಯಿತಿ ಅಂಗಡಿಗಳ ಸರಣಿ ಸುಮಾರು 1,600 ಮಳಿಗೆಗಳವರೆಗೆ ಬೆಳೆದಿತ್ತು. ಕೈಯಲ್ಲಿ ಹಣ ಬತ್ತಿ, ಸರಕಿನವರಿಗೂ ಕಟ್ಟಡದವರಿಗೂ ಸಿಬ್ಬಂದಿಗೂ ಕೊಡಲಾಗದೆ 2009ರ ಆರಂಭದಲ್ಲಿ ಬಾಗಿಲು ಹಾಕಿತು. ದೊಡ್ಡದು ಎಂಬ ಮಾತ್ರಕ್ಕೆ ಯಾವ ಅಂಗಡಿಯೂ ಶಾಶ್ವತವಲ್ಲ.

3. ಬಿಲ್ಲು ತಡವಾದ ತಿಂಗಳು

ಹತ್ತರಗಿಯ ಕಥೆ ಇನ್ನೂ ಮುಗಿದಿಲ್ಲ. ಎರಡನೆಯ ವರ್ಷ ಕಬ್ಬು ಕಳಿಸಿ ಮೂರು ತಿಂಗಳಾದರೂ ಬಿಲ್ಲು ಬರಲಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಕೊಡತಕ್ಕದ್ದು. ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸತಕ್ಕದ್ದು. ಕಾಗದದ ಮೇಲಿನ ಕಾನೂನಿನಿಂದ ಬೇಳೆ ಬೇಯುವುದಿಲ್ಲ. ತಮ್ಮ ಬೆಳೆಯ ಹಣಕ್ಕಾಗಿ ಆ ಭಾಗದ ರೈತರು ಬೀದಿಗೆ ಇಳಿಯುವುದು ಅಪರೂಪವಲ್ಲ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ದರಕ್ಕಾಗಿ ಧರಣಿ ಕುಳಿತವರನ್ನು ನೀವೂ ಪತ್ರಿಕೆಗಳಲ್ಲಿ ನೋಡಿದ್ದೀರಿ.

ಕೈಯಲ್ಲಿ ನಗದು ಇಲ್ಲ. ನಗದಿಲ್ಲದವನಿಗೆ ಬೆಳಗಾವಿಯ ಮಳಿಗೆಯ ಬಾಗಿಲು ತೆರೆದಿದ್ದರೂ ಮುಚ್ಚಿದಂತೆಯೇ. ತಂಗಿ ಒಂದು ಸಂಜೆ ಚೀಲ ಹಿಡಿದು ಹಳೆಯ ಕಿರಾಣಿ ಅಂಗಡಿಗೆ ಹೋದಳು. ಒಂದು ವರ್ಷ ಆ ಮೆಟ್ಟಿಲು ಹತ್ತಿದ್ದು ದರ ಕೇಳಲು ಮಾತ್ರ. ಅಂಗಡಿಯವರು ಕೋಪ ಮಾಡಲಿಲ್ಲ, ಕುಳಿತುಕೊಳ್ಳಲು ಹೇಳಿದರು. ಆಮೇಲೆ ಹೇಳಿದ ಮಾತನ್ನು ತಂಗಿ ನನಗೆ ಫೋನಿನಲ್ಲಿ ಹೇಳುವಾಗ ಅವಳ ಧ್ವನಿ ಸಣ್ಣದಾಯಿತು.

"ಅಕ್ಕಾರ, ನಿಮಗ ಇಲ್ಲ ಅನ್ನಾಕ ನನಗ ಮನಸಿಲ್ರಿ. ಆದ್ರ ಉದ್ರಿ ಕೊಡಾಕ ನನ್ನ ಕಡೆನೂ ರೊಕ್ಕ ಇರಬೇಕಲ್ರಿ? ರೊಕ್ಕದ ಗಿರಾಕಿ ಎಲ್ಲಾ ಬೆಳಗಾವಿಗೆ ಹೊಂಟಾರ. ಉದ್ರಿ ಗಿರಾಕಿ ಅಷ್ಟ ನನಗ ಉಳದಾರ. ಪ್ಯಾಟಿ ಹೋಲ್‌ಸೇಲಿನವರು ನನಗೂ ಉದ್ರಿ ಬಂದ್ ಮಾಡ್ಯಾರ್ರಿ. ಈಗ ಹದಿನೈದು ದಿನದ್ದು ಒಯ್ಯರಿ, ಮುಂದ ನೋಡೋಣಂತ."

ಈ ಮಾತಿನಲ್ಲಿ ಇಡೀ ಪಾಠವಿದೆ. ಊರಿನ ಅಂಗಡಿಯವನ ಉದ್ರಿ ಆಕಾಶದಿಂದ ಇಳಿದದ್ದಲ್ಲ. ನಾಲ್ಕು ಮನೆಯವರು ಕೊಟ್ಟ ನಗದಿನಿಂದ ಆರನೆಯ ಮನೆಯವರಿಗೆ ಉದ್ರಿ ನಡೆಯುತ್ತದೆ. ಕೈಯಲ್ಲಿ ಹಣವಿದ್ದಾಗ ಪಟ್ಟಣಕ್ಕೆ, ಇಲ್ಲದಾಗ ಊರಿನ ಅಂಗಡಿಗೆ ಎಂದು ಎಲ್ಲರೂ ನಡೆದುಕೊಂಡರೆ ಆ ಕೆರೆಗೆ ಒಳಹರಿವು ನಿಂತು ತೂಬು ಮಾತ್ರ ತೆರೆದಂತಾಗುತ್ತದೆ.

4. ಉದ್ರಿಗೂ ಬಡ್ಡಿ ಇದೆ

ಹಾಗೆಂದ ಮಾತ್ರಕ್ಕೆ ಉದ್ರಿ ಪದ್ಧತಿಯೇ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಅದರ ಬೆಲೆಯನ್ನೂ ನೋಡೋಣ.

ಉದ್ರಿ ದರದಲ್ಲಿ 100 ರೂಪಾಯಿ ಆಗುವ ಸಾಮಾನನ್ನು ಅದೇ ಅಂಗಡಿಯವನು ನಗದಿಗೆ 94 ರೂಪಾಯಿಗೆ ಕೊಡಬಲ್ಲ ಎಂದಿಟ್ಟುಕೊಳ್ಳಿ. ನೀವು ನಾಲ್ಕು ತಿಂಗಳು ಬಿಟ್ಟು ಹಣ ಕೊಡುತ್ತೀರಿ. ಆಗ 94 ರೂಪಾಯಿಯ ಸಾಲಕ್ಕೆ ನಾಲ್ಕು ತಿಂಗಳಿಗೆ 6 ರೂಪಾಯಿ ಬಡ್ಡಿ ಕೊಟ್ಟಂತಾಯಿತು. ವರ್ಷಕ್ಕೆ ಲೆಕ್ಕ ಹಾಕಿದರೆ ಅದು ಶೇ. 19ಕ್ಕೂ ಹೆಚ್ಚು. ಸಂಘದ ಬೆಳೆ ಸಾಲದ ಬಡ್ಡಿ ಅರ್ಧ ಪರ್ಸೆಂಟ್ ಏರಿದರೆ ಸಭೆಯಲ್ಲಿ ಮೇಜು ಕುಟ್ಟುವ ನಾವು, ಉಪ್ಪು-ಮೆಣಸಿನ ಚೀಟಿಯಲ್ಲಿ ಶೇ. 19 ಕೊಡುವಾಗ ಮಾತಾಡುವುದಿಲ್ಲ, ಏಕೆಂದರೆ ಚೀಟಿಯಲ್ಲಿ ಬಡ್ಡಿ ಎಂಬ ಶಬ್ದ ಬರೆದಿರುವುದಿಲ್ಲ.

ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿಯನ್ನು ಗೊತ್ತುಮಾಡುವಾಗ ಬೆಳೆಯ ಖರ್ಚಿನ ಶೇ. 10ರಷ್ಟನ್ನು ಕೊಯ್ಲಿನ ನಂತರದ ಅಗತ್ಯಕ್ಕೂ ಮನೆ ಬಳಕೆಗೂ ಸೇರಿಸಲು ಅವಕಾಶವಿದೆ. ಬಹಳ ಸದಸ್ಯರು ಇದನ್ನು ಗಮನಿಸಿಲ್ಲ. ಕಡಿಮೆ ಬಡ್ಡಿಯ ಈ ಹಣದಿಂದ ದಿನಸಿಯನ್ನು ನಗದಿಗೆ ಕೊಂಡು, ಬೆಳೆ ಬಂದೊಡನೆ ಗಡುವಿನೊಳಗೆ ತೀರಿಸಿದರೆ ಉದ್ರಿಯ ಬಡ್ಡಿ ಉಳಿಯುತ್ತದೆ. ಗಡುವು ಮೀರಿದರೆ ಬಡ್ಡಿ ರಿಯಾಯಿತಿ ಕೈತಪ್ಪುತ್ತದೆ ಎಂಬ ಎಚ್ಚರವೂ ಇರಲಿ. ಸಾಲ ಸಾಲವೇ.

ಆದುದರಿಂದ ನಾನು ಹೇಳುವುದಿಷ್ಟು: ನಮಗೆ ಬೇಕಾದ ಬದಲಾವಣೆ ಒಂದು ಅಂಗಡಿಯಿಂದ ಇನ್ನೊಂದು ಅಂಗಡಿಗೆ ಅಲ್ಲ, ಉದ್ರಿಯಿಂದ ನಗದಿಗೆ. ನಗದು ಇರುವವನಿಗೆ ರಿಯಾಯಿತಿ ಪಟ್ಟಣದಲ್ಲೂ ಸಿಗುತ್ತದೆ, ತನ್ನ ಊರಿನಲ್ಲೂ ಸಿಗುತ್ತದೆ.

ಹತ್ತರಗಿಯಲ್ಲಿ ಈಗ ನಡೆದಿರುವುದೂ ಇದೇ. ಬಿಲ್ಲು ಬಂದ ದಿನ ತಂಗಿ ಮೊದಲು ಅಂಗಡಿಯ ಬಾಕಿ ತೀರಿಸಿದಳು. ಆಮೇಲೆ ಅಕ್ಕಪಕ್ಕದ ನಾಲ್ಕು ಮನೆಯವರನ್ನು ಸೇರಿಸಿಕೊಂಡು, "ತಿಂಗಳ ಮೊದಲನೆಯ ವಾರ ಐದು ಮನೆಯ ಪಟ್ಟಿ, ಐದು ಮನೆಯ ನಗದು ಒಟ್ಟಿಗೆ ಕೊಡುತ್ತೇವೆ, ದರ ಹೇಳಿ" ಎಂದಳು. ಸಕ್ಕರೆ ಮೂಟೆಯ ಲೆಕ್ಕದಲ್ಲಿ, ಎಣ್ಣೆ ಡಬ್ಬದ ಲೆಕ್ಕದಲ್ಲಿ ಬಂತು. ಮೊದಲ ಆರು ತಿಂಗಳಲ್ಲಿ ಅವಳೊಬ್ಬಳ ಮನೆಗೆ ಉದ್ರಿ ದರಕ್ಕಿಂತ 3,000 ರೂಪಾಯಿ ಉಳಿದಿದೆ. ಬಸ್ಸಿಲ್ಲ, ಆಟೋ ಇಲ್ಲ. ಬೆಳಗಾವಿಯ ಮಳಿಗೆಗೆ ದಸರೆಗೊಮ್ಮೆ ಯುಗಾದಿಗೊಮ್ಮೆ, ಕೈಯಲ್ಲಿ ಪಟ್ಟಿ ಹಿಡಿದು ಹೋಗುತ್ತಾಳೆ. ಮಕ್ಕಳಿಗೂ ಬೇಸರವಿಲ್ಲ.

5. ನಮ್ಮ ತೋಟದ ಕೆಲಸದವರು

ಈಗ ನಮ್ಮ ಕಡೆಗೆ ಬರೋಣ. ಬಯಲುಸೀಮೆಯಲ್ಲಿ ಇಲ್ಲದ ಎರಡು ಸಂಗತಿಗಳು ನಮ್ಮಲ್ಲಿವೆ.

ಮೊದಲನೆಯದು ಮಳೆಗಾಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಗುಡ್ಡ ಕುಸಿದೋ ಮರ ಬಿದ್ದೋ ದಾರಿ ಮುಚ್ಚುವ ದಿನಗಳು ನಮಗೆ ಹೊಸದಲ್ಲ. ಅಂಥ ದಿನ ಮೂವತ್ತು ಕಿಲೋಮೀಟರ್ ದೂರದ ಮಳಿಗೆಯ ರಿಯಾಯಿತಿ ಯಾರಿಗೂ ಉಪಯೋಗವಿಲ್ಲ. ಕೈಕಾಲು ದೂರದಲ್ಲಿ ಒಂದು ಅಂಗಡಿಯಲ್ಲಿ ಅಕ್ಕಿ, ಉಪ್ಪು, ಬೆಂಕಿಪೊಟ್ಟಣ ಇದೆ ಎಂಬ ಧೈರ್ಯಕ್ಕೂ ಒಂದು ಬೆಲೆ ಇದೆ. ಆ ಬೆಲೆಯನ್ನು ಉಳಿದ ಎಂಟು ತಿಂಗಳು ನಾವೇ ಕಟ್ಟಬೇಕು.

ಎರಡನೆಯದು, ಇದಕ್ಕಿಂತ ಮುಖ್ಯವಾದದ್ದು, ನಮ್ಮ ತೋಟಗಳಲ್ಲಿ ದುಡಿಯುವವರು. ನಮಗೆ ಜೀಪು ಇದೆ, ಕಾರು ಇದೆ. ತಿಂಗಳ ದಿನಸಿ ಒಂದೇ ಸಲ ತರುತ್ತೇವೆ. ವಾರದ ಬಟವಾಡೆ ನಂಬಿದವರು ಒಮ್ಮೆಗೆ ಅರ್ಧ ಕಿಲೋ ಸಕ್ಕರೆ, ಕಾಲು ಲೀಟರ್ ಎಣ್ಣೆ ಕೊಳ್ಳುವವರು. ಬಟವಾಡೆಗೆ ಮೂರು ದಿನ ಮೊದಲೇ ಕೈ ಖಾಲಿಯಾದರೆ ಅವರಿಗೆ ಆಸರೆ ಊರಿನ ಅಂಗಡಿಯ ಪುಸ್ತಕ. ಸತತ ಮಳೆಗೆ ಕೆಲಸ ನಿಂತ ವಾರದಲ್ಲಂತೂ ಆ ಪುಸ್ತಕವೇ ಅವರ ಒಲೆ. ನಮ್ಮ ನಗದು ಊರಿನಿಂದ ಹೊರಟುಹೋದರೆ ಅವರ ಉದ್ರಿಯೂ ಅದರ ಹಿಂದೆಯೇ ಹೋಗುತ್ತದೆ. ಆಮೇಲೆ ಕೊಯ್ಲಿನ ಹೊತ್ತಿಗೆ "ಜನ ಸಿಗುವುದಿಲ್ಲ" ಎಂದು ಕಾರ್ಯಕಾರಿ ಮಂಡಳಿಗೆ ದೂರು ಬರೆದು ಫಲವಿಲ್ಲ.

6. ಕೂಡಿ ಕೊಳ್ಳುವ ದಾರಿ

ನಮ್ಮ ಸಹಕಾರ ಚಳವಳಿ ಹುಟ್ಟಿದ್ದೇ ದಿನಸಿ ಅಂಗಡಿಯಲ್ಲಿ ಎಂಬುದನ್ನು ನಾವು ಮರೆತಿದ್ದೇವೆ. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ನೇಕಾರರು ಮತ್ತು ಇತರ ಕೆಲಸಗಾರರು, ಇಪ್ಪತ್ತೆಂಟು ಮಂದಿ ಎಂದು ಪ್ರತೀತಿ, ತಲಾ ಒಂದು ಪೌಂಡ್ ಶೇರು ಹಾಕಿ 1844ರ ಡಿಸೆಂಬರ್ 21ರಂದು ಟೋಡ್ ಲೇನ್ ಎಂಬ ಬೀದಿಯಲ್ಲಿ ಅಂಗಡಿ ತೆರೆದರು. ಮಾಲು ಎಂದರೆ ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು, ಒಂದಿಷ್ಟು ಮೇಣದಬತ್ತಿ. ಬಡವರ ಅಂಗಡಿಯಾದರೂ ಉದ್ರಿ ಇಲ್ಲ ಎಂಬ ನಿಯಮ ಮಾಡಿಕೊಂಡರು. ಬೆಲೆಯನ್ನೂ ಇಳಿಸಲಿಲ್ಲ, ಪೇಟೆಯ ದರಕ್ಕೇ ಮಾರಿ, ಉಳಿದ ಲಾಭವನ್ನು ಕೊನೆಗೆ ಯಾರು ಎಷ್ಟು ಕೊಂಡರೋ ಆ ಪ್ರಮಾಣದಲ್ಲಿ ಹಂಚಿದರು. ದಿನಕ್ಕೆ ಎರಡು ಕಾಸು ಉಳಿದರೆ ಗೊತ್ತಾಗದೆ ಕರಗುತ್ತದೆ. ಒಟ್ಟಿಗೆ ಕೈಗೆ ಬಂದರೆ ಶೇರಾಗುತ್ತದೆ, ಫೀಸಾಗುತ್ತದೆ.

ನಮ್ಮ ನಾಡಿನಲ್ಲೂ ಈ ಶಕ್ತಿಗೆ ಕೊರತೆಯಿಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಂಘ ಕಟ್ಟಿದರು. ಹತ್ತರಗಿ ಇರುವ ಹುಕ್ಕೇರಿ ತಾಲೂಕಿನಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಾಯಿತು; ವಿದ್ಯುತ್ತನ್ನೇ ಕೂಡಿ ಕೊಂಡು ಹಂಚಿದ ಜನ ಅವರು. ಅಡಿಕೆ ಬೆಳೆಗಾರರಾದ ನಮಗೆ ಹತ್ತಿರದ ಉದಾಹರಣೆ ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ. 1923ರಲ್ಲಿ ಅಡಿಕೆ ಮಾರಾಟಕ್ಕೆಂದು ಹುಟ್ಟಿದ ಆ ಸಂಘ ಇಂದು ಸ್ವಂತ ಸೂಪರ್ ಮಾರ್ಕೆಟ್ಟನ್ನೂ ನಡೆಸುತ್ತದೆ. ಅಂದರೆ ಸೂಪರ್ ಮಾರ್ಕೆಟ್ ಎಂಬುದು ಸಹಕಾರದ ಶತ್ರುವಲ್ಲ. ಅದು ಯಾರದು, ಅದರ ಲಾಭ ಎಲ್ಲಿಗೆ ಹೋಗುತ್ತದೆ ಎಂಬುದು ಪ್ರಶ್ನೆ.

1962ರ ಚೀನಾ ಯುದ್ಧದ ತುರ್ತು ಕಾಲದಲ್ಲಿ ಸರ್ಕಾರದ ಪ್ರೋತ್ಸಾಹದಿಂದ ದೇಶದಲ್ಲೆಲ್ಲ ಗ್ರಾಹಕ ಸಹಕಾರ ಭಂಡಾರಗಳು ಬೆಳೆದವು. ಜನತಾ ಬಜಾರುಗಳನ್ನು ಹಿರಿಯರು ಬಲ್ಲರು. ಅವುಗಳಲ್ಲಿ ಅನೇಕವು ಆಮೇಲೆ ಸೊರಗಿದವು. ನಮ್ಮ ಸಂಘದ ದಿನಸಿ ವಿಭಾಗ ಏಕೆ ಸೊರಗಿತು ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ. ಪರಿಚಯದವರಿಗೆ ಇಲ್ಲ ಎನ್ನಲಾರದೆ ಉದ್ರಿ ಕೊಟ್ಟೆವು. ಹಾಗೆ ಕೊಡಿರೆಂದು ಚೀಟಿ ಬರೆದವರಲ್ಲಿ ಕಾರ್ಯದರ್ಶಿಯಾದ ನಾನೂ ಒಬ್ಬ. ಬಾಕಿ ಬೆಳೆಯಿತು, ಮಾಲು ತರಲು ಹಣ ಸಾಲಲಿಲ್ಲ, ಕಪಾಟು ಖಾಲಿಯಾಯಿತು. ಕಪಾಟು ಖಾಲಿಯಾದ ಮೇಲೆ ನಗದಿನ ಸದಸ್ಯರು ಪಟ್ಟಣಕ್ಕೆ ಹೋದರು. ಹತ್ತರಗಿಯ ಕಿರಾಣಿಯವರ ಕಷ್ಟವೇ ನಮ್ಮದು.

ಆದುದರಿಂದ ವಿಭಾಗವನ್ನು ಮುಚ್ಚುವ ಬದಲು ಅದರ ರೀತಿಯನ್ನು ಬದಲಿಸುವ ಒಂದು ಸಲಹೆಯನ್ನು ಸಭೆಯ ಮುಂದೆ ಇಡಲಿದ್ದೇನೆ:

(ಅ) ವರ್ಷಕ್ಕೆ ಮೂರು ಸಲ ಬೇಡಿಕೆ ಪಟ್ಟಿ ಸಂಗ್ರಹಿಸುವುದು: ಮೇ ತಿಂಗಳಲ್ಲಿ ಮಳೆಗಾಲಕ್ಕೆ, ಸೆಪ್ಟೆಂಬರಿನಲ್ಲಿ ಹಬ್ಬಗಳಿಗೆ, ಜನವರಿಯಲ್ಲಿ ಕೊಯ್ಲಿನ ಕಾಲಕ್ಕೆ.
(ಆ) ಹತ್ತು ಬಗೆಯ ಸಾಮಾನು ಮಾತ್ರ: ಅಕ್ಕಿ, ಗೋಧಿ, ತೊಗರಿಬೇಳೆ, ಕಡಲೆಬೇಳೆ, ಸಕ್ಕರೆ, ಬೆಲ್ಲ, ಎಣ್ಣೆ, ಉಪ್ಪು, ಒಣಮೆಣಸಿನಕಾಯಿ, ಸೋಪು.
(ಇ) ಪಟ್ಟಿಯ ಜೊತೆಗೆ ಅರ್ಧ ಹಣ, ಮಾಲು ಒಯ್ಯುವಾಗ ಉಳಿದರ್ಧ. ಉದ್ರಿ ಯಾರಿಗೂ ಇಲ್ಲ. ಅಧ್ಯಕ್ಷರಿಗೂ ಇಲ್ಲ, ಕಾರ್ಯದರ್ಶಿಗೂ ಇಲ್ಲ.
(ಈ) ಪೇಟೆಯ ಅಂದಿನ ನಗದು ದರಕ್ಕೆ ಮಾರಾಟ. ಉಳಿದದ್ದನ್ನು ವರ್ಷಾಂತ್ಯದಲ್ಲಿ ಖರೀದಿಯ ಪ್ರಮಾಣದಂತೆ ಸದಸ್ಯರಿಗೆ ಹಂಚಿಕೆ.
(ಉ) ಊರಿನ ಸಣ್ಣ ಅಂಗಡಿಯವರೂ ಇದೇ ಪಟ್ಟಿಯಲ್ಲಿ ತಮ್ಮ ಬೇಡಿಕೆ ಸೇರಿಸಿ ನಗದಿಗೆ ಒಯ್ಯಲು ಅವಕಾಶ. ಅವರು ಉಳಿದರೆ ನಮ್ಮ ಕೆಲಸದವರ ಒಲೆ ಉರಿಯುತ್ತದೆ.

ಕಾಫಿ ಪುಡಿಯನ್ನು ಈ ಪಟ್ಟಿಯಲ್ಲಿ ಸೇರಿಸಿಲ್ಲ. ತನ್ನ ತೋಟದ ಕಾಫಿಯನ್ನು ಕಣದಲ್ಲೇ ಮಾರಿ, ಸೂಪರ್ ಮಾರ್ಕೆಟ್ಟಿನಿಂದ ಚಿಕೋರಿ ಬೆರೆತ ಪೊಟ್ಟಣ ತರುವ ಬೆಳೆಗಾರರು ನಮ್ಮಲ್ಲಿದ್ದಾರೆ ಎಂದು ಒಪ್ಪಿಕೊಳ್ಳಲು ಸಂಘಕ್ಕೆ ಸಂಕೋಚವಾಗುತ್ತದೆ.

7. ಎಲ್ಲಿಯೇ ಕೊಳ್ಳಲಿ, ಗಮನಿಸತಕ್ಕ ಅಂಶಗಳು

ಒಂದು: "ಗರಿಷ್ಠ ಬೆಲೆಗಿಂತ ಇಷ್ಟು ಕಡಿಮೆ" ಎಂಬ ಫಲಕವನ್ನು ನೋಡಬೇಡಿ, ಒಂದು ಕಿಲೋಗೆ ಅಥವಾ ಒಂದು ಲೀಟರಿಗೆ ಎಷ್ಟಾಯಿತು ಎಂದು ನೋಡಿ. ಒಂದೇ ಗಾತ್ರದಂತೆ ಕಾಣುವ ಎರಡು ಪೊಟ್ಟಣಗಳಲ್ಲಿ ಒಂದರಲ್ಲಿ 1 ಕಿಲೋ, ಇನ್ನೊಂದರಲ್ಲಿ 900 ಗ್ರಾಂ ಇರಬಹುದು. ಎಣ್ಣೆಯ ಪೊಟ್ಟಣದಲ್ಲಿ ಲೀಟರ್ ಬೇರೆ, ಕಿಲೋ ಬೇರೆ. ಒಂದು ಲೀಟರ್ ಎಣ್ಣೆ ಒಂದು ಕಿಲೋಗಿಂತ ಕಡಿಮೆ ತೂಗುತ್ತದೆ.

ಎರಡು: 2022ರ ಜುಲೈ 18ರಿಂದ 25 ಕಿಲೋವರೆಗಿನ, ಮುದ್ರಿತ ಚೀಟಿಯುಳ್ಳ ಪೊಟ್ಟಣಗಳ ಅಕ್ಕಿ, ಗೋಧಿ, ಬೇಳೆಗಳಿಗೆ ಶೇ. 5ರ ಜಿಎಸ್‌ಟಿ ಬಿತ್ತು; ಬಿಡಿಯಾಗಿ ತೂಗಿ ಕೊಡುವ ಧಾನ್ಯಕ್ಕೆ ಬೀಳಲಿಲ್ಲ. ಪೇಟೆಗೆ 26 ಕಿಲೋ ಅಕ್ಕಿ ಚೀಲಗಳು ಬಂದ ಗುಟ್ಟು ಇದೇ. ಧಾನ್ಯದ ವಿಷಯದಲ್ಲಿ ಊರಿನ ತಕ್ಕಡಿ ಮಳಿಗೆಯ ಪೊಟ್ಟಣಕ್ಕಿಂತ ಸೋವಿಯಾಗಲು ಈ ಒಂದು ಕಾರಣವೂ ಇದೆ.

ಮೂರು: 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸೋಪು, ಹಲ್ಲಿನ ಪೇಸ್ಟು, ತಲೆಎಣ್ಣೆಗಳ ತೆರಿಗೆ ಶೇ. 18ರಿಂದ 5ಕ್ಕೆ ಇಳಿದಿದೆ. ಆ ಇಳಿಕೆ ನಿಮ್ಮ ಚೀಟಿಯಲ್ಲಿ ಬಂದಿದೆಯೇ ಎಂದು ಕೇಳಿ. ಅಚ್ಚಾದ ಗರಿಷ್ಠ ಬೆಲೆಗಿಂತ ಹೆಚ್ಚು ಕೇಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ದೂರು ಕೊಡಬಹುದು.

ನಾಲ್ಕು: ಒಮ್ಮೆಗೇ ಹೆಚ್ಚು ಕೊಳ್ಳುವವರು ಮಳೆಗಾಲವನ್ನು ಮರೆಯಬಾರದು. ನಮ್ಮ ತೇವಕ್ಕೆ ಬೇಳೆಗೆ ಹುಳು, ಬೆಲ್ಲಕ್ಕೆ ನೀರು, ಹಿಟ್ಟಿಗೆ ಬೂಷ್ಟು ಬೇಗ ಬರುತ್ತದೆ. ಮೇ ತಿಂಗಳ ಬಿಸಿಲಿಗೆ ಬೇಳೆಯನ್ನು ಚೆನ್ನಾಗಿ ಒಣಗಿಸಿ, ಆರಿದ ಮೇಲೆ ಗಾಳಿಯಾಡದ ಡಬ್ಬದಲ್ಲಿ ತುಂಬಿಡಿ. ಹುಳು ತಿಂದ ರಿಯಾಯಿತಿ ರಿಯಾಯಿತಿಯಲ್ಲ.

ಐದು: ಪಟ್ಟಿಯಿಲ್ಲದೆ, ಹಸಿದ ಹೊಟ್ಟೆಯಲ್ಲಿ ದೊಡ್ಡ ಮಳಿಗೆಗೆ ಹೋಗಬೇಡಿ. ಕೊಂಡ ಮೇಲೆ ಪಟ್ಟಿಯ ಸಾಮಾನನ್ನೂ ಪಟ್ಟಿಗೆ ಹೊರತಾದದ್ದನ್ನೂ ಬೇರೆ ಬೇರೆ ಬರೆಯಿರಿ. ಹತ್ತರಗಿಯ ಪುಸ್ತಕದಲ್ಲಿ ನಿಜ ಹೊರಬಿದ್ದದ್ದು ಆ ಒಂದು ಸಾಲಿನಿಂದ.

8. ಅಭ್ಯಾಸ

ಸಭೆಗೆ ಬರುವ ಮೊದಲು ಮನೆಯಲ್ಲಿ ಎಲ್ಲರೂ ಕುಳಿತು ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಬೇಕೆಂದು ಕೋರಿಕೆ. ಖರ್ಚಿನ ನಿಜವಾದ ಲೆಕ್ಕ ಅಡಿಗೆಮನೆಯವರಿಗೆ ಗೊತ್ತು. ಆದುದರಿಂದ ಗಂಡಸರು ತಾವೊಬ್ಬರೇ ಉತ್ತರಿಸಬಾರದು.

1. ಕಳೆದ ಮೂರು ತಿಂಗಳಲ್ಲಿ ದಿನಸಿಗೆ ಎಷ್ಟು ಖರ್ಚಾಯಿತು? ಅದರಲ್ಲಿ ನಗದು ಎಷ್ಟು, ಉದ್ರಿ ಎಷ್ಟು?
2. ಪಟ್ಟಣಕ್ಕೆ ಹೋಗಿಬಂದ ಡೀಸೆಲ್, ಹೋಟೆಲ್ ಖರ್ಚನ್ನು ಅದರಲ್ಲಿ ಸೇರಿಸಿದ್ದೀರಾ? ಆ ದಿನ ತೋಟದಲ್ಲಿ ನಿಂತ ಕೆಲಸದ ಬೆಲೆಯನ್ನು?
3. ಪಟ್ಟಿಯಲ್ಲಿ ಇಲ್ಲದೆ ಕೊಂಡದ್ದು ಎಷ್ಟು?
4. ನಿಮ್ಮ ಊರಿನ ಅಂಗಡಿಯಲ್ಲಿ ನಿಮ್ಮ ಬಾಕಿ ಎಷ್ಟು ತಿಂಗಳಿನದು? ನಗದು ಕೊಟ್ಟರೆ ಎಷ್ಟು ಇಳಿಸುತ್ತೀರಿ ಎಂದು ಎಂದಾದರೂ ಕೇಳಿದ್ದೀರಾ?
5. ನಿಮ್ಮ ತೋಟಕ್ಕೆ ಬರುವವರು ಅಕ್ಕಿಯನ್ನು ಎಲ್ಲಿಂದ ತರುತ್ತಾರೆ? ಆ ಅಂಗಡಿ ಮುಚ್ಚಿದರೆ ಅವರು ಎಲ್ಲಿಗೆ ಹೋಗಬೇಕು?

ಐದಕ್ಕೂ ಉತ್ತರ ಸಿಕ್ಕಿದ ಮೇಲೆಯೂ ಪಟ್ಟಣದ ಮಳಿಗೆಯೇ ಮೇಲು ಎಂದು ನಿಮಗೆ ತೋರಿದರೆ ಸಂಕೋಚವಿಲ್ಲದೆ ಹಾಗೆಯೇ ಮತ ಕೊಡಿ. ಲೆಕ್ಕ ನೋಡಿ ತೆಗೆದುಕೊಂಡ ನಿರ್ಣಯಕ್ಕೆ ಸಂಘ ತಲೆಬಾಗುತ್ತದೆ. ಆದರೆ ಸಭೆಗೆ ಬರುವ ದಾರಿಯಲ್ಲಿ ನಿಮ್ಮ ಊರಿನ ಅಂಗಡಿಯ ಹಳೆಯ ಬಾಕಿಯನ್ನು ತೀರಿಸಿಯೇ ಬನ್ನಿ. ನಾನು ನನ್ನದನ್ನು ಈ ಪಾಠ ಬರೆಯಲು ಕುಳಿತ ದಿನವೇ ತೀರಿಸಿದೆ. ಅದು ನಾಲ್ಕು ತಿಂಗಳ ಬಾಕಿಯಾಗಿತ್ತು.

— ಕಾರ್ಯದರ್ಶಿ